ಅಜ್ಜಿಯ ಹೆಬ್ಬೆಟ್ಟಿಗೆ ರೀಸೆಟ್ ಬಟನ್ ಇಲ್ಲ

ನಾನು ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಲೇಬೇಕು. ಯಾರಿಗೋ ಸಿಕ್ಕಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಎರಡೇ ನಿಮಿಷದಲ್ಲಿ ಹೊಸದು. ಬಿಟ್ಟಂಗಾಲದಲ್ಲಿರುವ ನಮ್ಮ ಅಜ್ಜಿಗೆ ಹೆಬ್ಬೆಟ್ಟೇ ಪಾಸ್‌ವರ್ಡ್. ಅದನ್ನು ಬದಲಾಯಿಸೋದು ಹೇಗೆ?

ಕಾಫಿ ಕೊಯ್ದು, ಗದ್ದೆಯಲ್ಲಿ ನಾಟಿ ಮಾಡಿ ಅಜ್ಜಿಯ ಬೆರಳಿನ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯ ಮೆಷಿನ್ ನಾಲ್ಕೈದು ಸಲ ಒತ್ತಿಸಿಕೊಂಡ ಮೇಲೇ ಒಪ್ಪೋದು. "ನಾನು ನಾನೇ ಅಂತ ಇದಕ್ಕೆ ಎಷ್ಟು ಸಲ ಹೇಳ್ಬೇಕು ಮಗಾ?" ಅಂತಾರೆ.

ಅಜ್ಜಿಯನ್ನೇ ಒಪ್ಪದ ವ್ಯವಸ್ಥೆ ಕದ್ದ ಬೆರಳಚ್ಚನ್ನು ಒಪ್ಪಿಬಿಡಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಹೀಗಾಯ್ತು. ಕಾವೇರಿ ಪೋರ್ಟಲಿನಲ್ಲಿದ್ದ ಆಸ್ತಿ ನೋಂದಣಿ ಪತ್ರಗಳಿಂದ ವಂಚಕರು ಬೆರಳಚ್ಚು, ಆಧಾರ್ ನಂಬರ್ ಎತ್ತಿಕೊಂಡು, ಎಇಪಿಎಸ್ ಮೂಲಕ ಜನರ ಖಾತೆಯಿಂದ ಹಣ ತೆಗೆದರು. ಎಇಪಿಎಸ್‌ಗೆ ಓಟಿಪಿ ಬೇಡ, ಪಿನ್ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು ಇದ್ದರೆ ಸಾಕು. ಆಮೇಲೆ ಪತ್ರಗಳಲ್ಲಿನ ಬೆರಳಚ್ಚು ಮರೆಮಾಚೋಕೆ ಸರ್ಕಾರ ಮುಂದಾಯಿತು.

ಹಾಗಂತ ಎಇಪಿಎಸ್ ಬೇಡ ಅನ್ನೋಕೂ ಆಗಲ್ಲ. ಜಡಿಮಳೆಯಲ್ಲಿ ಪಿಂಚಣಿಗಾಗಿ ವಿರಾಜಪೇಟೆಯ ಬಸ್ ಕಾಯೋ ಬದಲು ಊರಲ್ಲೇ ಹಣ ಸಿಗೋದು ವಯಸ್ಸಾದವರಿಗೆ ದೊಡ್ಡ ಅನುಕೂಲ. ಪ್ರಶ್ನೆ ಇರೋದು, ಎಡವಟ್ಟಾದರೆ ನಷ್ಟ ಯಾರ ತಲೆಗೆ ಅನ್ನೋದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೂ ಎಂಬತ್ತು ದಾಟಿತ್ತು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ದತ್ತಾಂಶ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಓದಿ ಖುಷಿಯಾಯ್ತು. ಮುಂದೆ ಓದಿದರೆ, ಆ ದಂಡ ಹೋಗೋದು ಸರ್ಕಾರದ ಸಂಚಿತ ನಿಧಿಗೆ. ಹಣ ಕಳೆದುಕೊಂಡವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಮೇಲಾಗಿ, ಐಟಿ ಕಾಯ್ದೆಯಲ್ಲಿ ಇಂಥವರಿಗೆ ಪರಿಹಾರ ಕೊಡಿಸೋ 43ಎ ಸೆಕ್ಷನ್ನನ್ನು ಈ ಕಾಯ್ದೆ ತೆಗೆದುಹಾಕುತ್ತೆ.

ಬಯೋಮೆಟ್ರಿಕ್ ಲಾಕ್ ಇದೆಯಲ್ಲ ಅಂತೀರಾ? ಇದೆ. ಎಂಆಧಾರ್ ಆ್ಯಪಿನಲ್ಲಿ ನಾನು ನನ್ನದನ್ನು ಲಾಕ್ ಮಾಡಿದ್ದೇನೆ, ನೀವೂ ಮಾಡಿ. ಆದರೆ ಅಜ್ಜಿಯದನ್ನು ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲೂ ಬೆರಳು ಕೆಲಸ ಮಾಡಲ್ಲ. ಪ್ರತಿ ತಿಂಗಳು ಅನ್‌ಲಾಕ್ ಮಾಡಲು ಅವರ ಕೈಲಿರೋದು ಕೀಪ್ಯಾಡ್ ಫೋನು. ಬೆರಳನ್ನೇ ನಂಬಿ ಬದುಕದ ನನಗೆ ಬೀಗ ಸುಲಭ, ಬೆರಳನ್ನೇ ನಂಬಿದ ಅಜ್ಜಿಗೆ ಕಷ್ಟ.

ಡಿಫಾಲ್ಟ್ ಸೆಟ್ಟಿಂಗನ್ನು ಬಹಳಷ್ಟು ಜನ ಮುಟ್ಟೋದೇ ಇಲ್ಲ ಅನ್ನೋದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಡಿಫಾಲ್ಟ್ ಏನಿರಬೇಕು ಅನ್ನೋದೇ ದೊಡ್ಡ ನೀತಿ ನಿರ್ಧಾರ. ನನ್ನ ಪ್ರಕಾರ ರೇಷನ್ನಿಗೂ ಹಣಕ್ಕೂ ಬೇರೆ ಬೇರೆ ಬೀಗ ಇರಬೇಕು. ಹಣದ ಬೀಗ ಮೊದಲಿನಿಂದಲೇ ಹಾಕಿರಬೇಕು, ಬೇಕಾದವರು ಬ್ಯಾಂಕಿಗೆ ಹೋಗಿ ತೆಗೆಸಿಕೊಳ್ಳಲಿ. ವಂಚನೆಯಾದರೆ "ಒತ್ತಿದ್ದು ಅಜ್ಜಿಯೇ" ಅಂತ ಬ್ಯಾಂಕು ರುಜುವಾತು ಮಾಡಲಿ. ತಾನು ಒತ್ತಿಲ್ಲ ಅಂತ ಎಂಬತ್ತು ದಾಟಿದ ಹೆಂಗಸು ಕಚೇರಿಯಿಂದ ಕಚೇರಿಗೆ ಅಲೆಯೋ ಹಾಗಾಗಬಾರದು.