ಎತ್ತಿಸಿಕೊಳ್ಳದೆ ಕಂಡ ಕಡಲು

ತಾಳವಾಡಿ ಬೆಟ್ಟದ ಗುಮಟಾಪುರವೆಂದರೆ ಥಟ್ಟನೆ ನೆನಪಾಗುವುದು ಗೊರೆಹಬ್ಬ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಊರಿನ ಮಾತು ಕನ್ನಡವೇ. ಬಲಿಪಾಡ್ಯಮಿಯ ಮರುದಿನ ಗಂಡಸರು ಸಗಣಿ ರಾಶಿಗಿಳಿದು ಎರಚಾಡುವಾಗ, ನಮ್ಮ ಧರ್ಮಕೇಂದ್ರದ ಬಂಧುವೊಬ್ಬರನ್ನು ಜಗಲಿಯ ಮೇಲೆ ಎತ್ತಿ ಕೂರಿಸುತ್ತಾರೆ. ಬಾಲ್ಯದಲ್ಲೇ ಪೋಲಿಯೊ ಅವರ ಕಾಲುಗಳ ಬಲವನ್ನು ಕಸಿದುಕೊಂಡಿದೆ. ಪೆಟ್ಟಿಗೆ ಅಂಗಡಿಯಿಂದ ಸಂಸಾರ ತೂಗಿಸುವ ಅವರು ಐವತ್ತಾದರೂ ಕಡಲು ಕಂಡಿರಲಿಲ್ಲ.

ಚೆನ್ನೈನ ಸಂತ ತೋಮಸರ ಬಸಿಲಿಕಾಕ್ಕೆ ಯಾತ್ರೆ ಹೊರಟಾಗ ಅವರನ್ನೂ ಕರೆದುಕೊಂಡೆವು. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಸತ್ಯಮಂಗಲ ದಾಟಿ, ಈರೋಡಿನಲ್ಲಿ ರೈಲು ಹಿಡಿದೆವು. ಬಸ್ಸಿಗೆ ಎತ್ತಿದೆವು, ರೈಲಿಗೆ ಎತ್ತಿದೆವು, ಮೆಟ್ಟಿಲು ಬಂದಲ್ಲೆಲ್ಲ ಎತ್ತಿದೆವು. ಪ್ರತಿ ಸಲವೂ ಅವರು ಕಣ್ಣು ತಗ್ಗಿಸುತ್ತಿದ್ದರು. ನಮಗೋ, ದೊಡ್ಡ ಸೇವೆ ಮಾಡಿದ ತೃಪ್ತಿ!

ಪೂಜೆಯ ನಂತರ ಮರೀನಾ ಕಡಲತೀರಕ್ಕೆ ಬಂದೆವು. ಮರಳಿಗಿಳಿದರೆ ಗಾಲಿಕುರ್ಚಿಯ ಚಕ್ರ ಹೂತುಹೋಗುತ್ತದೆ. ಆದ್ದರಿಂದಲೇ ಅಲ್ಲಿ ವಿವೇಕಾನಂದರ ಇಲ್ಲದ ಎದುರು ಮರದ ಹಾದಿಯೊಂದನ್ನು ಹಾಸಿದ್ದಾರೆ. ಉದ್ದ 263 ಮೀಟರ್, ಅಗಲ 3 ಮೀಟರ್, ಖರ್ಚು 1.14 ಕೋಟಿ ರೂಪಾಯಿ. 2022ರ ನವೆಂಬರ್ 27ರಂದು ತೆರೆದ ಈ ಹಾದಿಗೆ ಎರಡೇ ವಾರದಲ್ಲಿ ಮಾಂಡೌಸ್ ಚಂಡಮಾರುತ ಬಡಿಯಿತು. ದುರಸ್ತಿಯಾಗಿ ಅದು ಮತ್ತೆ ತೆರೆಯಿತು.

ನಮ್ಮ ಬಂಧು ತಾವೇ ಚಕ್ರ ತಿರುಗಿಸುತ್ತಾ ಮುಂದೆ ಹೋದರು. ನಾವು ಹಿಂದೆ ನಡೆದೆವು. ಹಾದಿ ಮುಗಿಯುವಲ್ಲಿ ನಿಂತು ಅಲೆಗಳನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸ್ವಾಮಿ, ಇಲ್ಲಿಗಂಟ ಯಾರೂ ನನ್ನ ಎತ್ತಲಿಲ್ಲ ನೋಡಿ" ಎಂದರು. ಕಡಲು ಎಷ್ಟು ದೊಡ್ಡದು ಎಂದು ಹೇಳುತ್ತಾರೆಂದುಕೊಂಡಿದ್ದ ನಮಗೆ ನಾಚಿಕೆಯಾಯಿತು.

ನಮ್ಮ ಕರಾವಳಿಯಲ್ಲೂ ಪ್ರಯತ್ನ ನಡೆದಿದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ದೊರೆಯಿತು. ಅಂಗವಿಕಲರಿಗೆ ಅನುಕೂಲ ಕಲ್ಪಿಸುವುದೂ ಅದರ ನಿಯಮಗಳಲ್ಲೊಂದು. ಪ್ರವಾಸ ಹೊರಡುವ ಮುನ್ನ ವಿಚಾರಿಸಿ, ಮನೆಯಲ್ಲಿ ಉಳಿದುಬಿಡುವವರನ್ನೂ ಕರೆದೊಯ್ಯಿರಿ.

ಮಾರ್ಕನ ಶುಭಸಂದೇಶದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಆ ನಾಲ್ವರನ್ನು ಪ್ರಬೋಧನೆಯಲ್ಲಿ ಎಷ್ಟೋ ಸಲ ಹೊಗಳಿದ್ದೇವೆ. ಬಾಗಿಲಿಗೆ ಅಡ್ಡ ನಿಂತಿದ್ದ ಜನರ ಬಗ್ಗೆ ಮಾತ್ರ ಒಮ್ಮೆಯೂ ಮಾತನಾಡಿಲ್ಲ.

ನಮ್ಮ ದೇವಾಲಯಕ್ಕೆ ಮೂರು ಮೆಟ್ಟಿಲು. ಭಾನುವಾರ ಯುವಕರು ಅವರನ್ನು ಎತ್ತಿ ಒಳಗೆ ತರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸಾರ್ವಜನಿಕ ಕಟ್ಟಡಗಳಲ್ಲಿ ಧಾರ್ಮಿಕ ಕಟ್ಟಡಗಳೂ ಸೇರಿವೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ನಮ್ಮ ಒಂದೂವರೆ ಅಡಿಗೆ ಹದಿನೆಂಟು ಅಡಿ ಸಾಕು. ಹಬ್ಬದ ದೀಪಾಲಂಕಾರದ ಖರ್ಚು ಸ್ವಲ್ಪ ತಗ್ಗಿಸಿದರೆ ಆಗುವ ಕೆಲಸವಿದು. ಮುಂದಿನ ಹಬ್ಬದೊಳಗೆ ಮುಗಿಸೋಣವೇ?