ಆದೇಶವೂ ಆಗಮವೂ

ವ್ಯಾಕರಣವನ್ನು ಗುರುಮುಖದಿಂದ ಕಲಿತವರಿಗೆ ಆಗಮ, ಆದೇಶ ಎಂಬೆರಡು ಮಾತುಗಳು ಬಾಲ್ಯದಿಂದಲೇ ಪರಿಚಿತವಾಗಿರುವವು. ಇದ್ದ ಅಕ್ಷರವನ್ನು ಕೆಡಿಸದೆ ಅದರ ಮಗ್ಗುಲಲ್ಲಿ ಹೊಸದೊಂದು ಬಂದು ಕುಳಿತರೆ ಅದು ಆಗಮವು. ಇದ್ದುದನ್ನು ಎಬ್ಬಿಸಿ ಅದರ ಪೀಠದಲ್ಲಿ ತಾನು ಕುಳಿತರೆ ಅದು ಆದೇಶವು. ‘ಮನೆಯನ್ನು’ ಎಂಬಲ್ಲಿ ನಡುವೆ ಬಂದ ಯಕಾರವು ಯಾರನ್ನೂ ಎಬ್ಬಿಸಲಿಲ್ಲ. ‘ಮಳೆಗಾಲ’ ಎಂಬಲ್ಲಿ ಗಕಾರವು ಕಕಾರವನ್ನು ಕಳಿಸಿಯೇ ಬಂದಿತು. ಮೊದಲನೆಯದು ಮಿತ್ರನು ಬರುವ ರೀತಿ, ಎರಡನೆಯದು ಶತ್ರುವು ಬರುವ ರೀತಿ ಎಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ತಿಳಿಯಹೇಳುತ್ತಿದ್ದರು.

ಸರಕಾರದ ಭಾಷೆಯಲ್ಲಿಯೂ ಆದೇಶವೆಂಬ ಮಾತುಂಟು. ಅಲ್ಲಿ ಅದಕ್ಕೆ ಅಪ್ಪಣೆಯೆಂದು ಅರ್ಥ. ಈ ಎರಡು ಅರ್ಥಗಳೂ ಒಂದೆಡೆ ಕೂಡಿದ ಪ್ರಸಂಗವನ್ನು ನಮ್ಮ ಕಾಲದವರು ಕಣ್ಣಾರೆ ಕಂಡಿರುವರು. ಕರ್ನಾಟಕದ ಹೊಲಗದ್ದೆಗಳ ಪಹಣಿಯು ಗ್ರಾಮಲೆಕ್ಕಿಗರ ಬಹಿಯನ್ನು ಬಿಟ್ಟು ಗಣಕಯಂತ್ರವನ್ನು ಸೇರಿದ ‘ಭೂಮಿ’ ಯೋಜನೆಯೇ ಅದು. ಮಾಹಿತಿ ತಂತ್ರಜ್ಞಾನದ ಹೊಣೆ ಹೊತ್ತ ಹಿರಿಯ ಅಧಿಕಾರಿಯೊಬ್ಬನು ಒಂದು ದೊಡ್ಡ ಇಲಾಖೆಯನ್ನು ಹಳೆಯ ಹಾದಿಯಿಂದ ಹೊಸ ಹಾದಿಗೆ ತಿರುಗಿಸುವುದೆಂದರೇನು, ಅದರಲ್ಲಿ ಗೆಲುವು ಎಲ್ಲಿ, ಕುಂದು ಎಲ್ಲಿ ಎಂಬುದನ್ನು ಅರಿಯಲು ಇದಕ್ಕಿಂತ ಸಮೀಪದ ದೃಷ್ಟಾಂತವು ನನಗೆ ತೋರದು. ಯಂತ್ರದ ಶಾಸ್ತ್ರವನ್ನು ನಾನು ಬಲ್ಲವನಲ್ಲ. ಆದರೆ ಪಹಣಿಗಾಗಿ ಅಲೆದವರ ನಡುವೆ ಬಾಳಿದವನಾದುದರಿಂದ ಅದರ ಫಲವನ್ನು ಬಲ್ಲೆನು.

ನಮ್ಮ ವಡಗೇರಾ ಸೀಮೆಗೆ ಇಂಥ ಪರಿವರ್ತನೆಯು ಹೊಸದೇನೂ ಅಲ್ಲ. ಭೀಮೆಯ ದಂಡೆಯ ಈ ಎರೆಯ ನೆಲವು 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. ಆಗ ಸರಕಾರದ ದಫ್ತರವೆಲ್ಲ ಉರ್ದುವಿನಲ್ಲಿ. ಉಳುವವನ ಬಾಯಲ್ಲಿ ಮಾತ್ರ ಕನ್ನಡ. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹೊಲದ ಹಳೆಯ ಕಾಗದಗಳು ಇಂದಿಗೂ ಇರುವವು. ಅವುಗಳಲ್ಲಿ ಏನು ಬರೆದಿದೆ ಎಂಬುದನ್ನು ನನ್ನ ಅಜ್ಜನೂ ಓದಲಿಲ್ಲ, ತಂದೆಯೂ ಓದಲಿಲ್ಲ, ಇಷ್ಟು ಶಾಸ್ತ್ರ ಓದಿದ ನಾನೂ ಓದಲಾರೆನು. ಪಟವಾರಿಯು ಓದಿ ಹೇಳಿದುದೇ ಸತ್ಯ, ಅವನು ಬರೆದುದೇ ಗಡಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕನ್ನಡ ನಾಡನ್ನು ಸೇರಿದ ಮೇಲೆ ಲಿಪಿ ಬದಲಾಯಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರವು ರದ್ದಾಗಿ, 1963ರಿಂದ ಅದು ಜಾರಿಗೆ ಬಂದಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಬರೆಯುವ ಕೈ ಬದಲಾಯಿತು, ಬರಹ ಬದಲಾಯಿತು. ಆದರೆ ಬಹಿಯು ಒಬ್ಬನ ಕಂಕುಳಲ್ಲಿಯೇ ಉಳಿಯಿತು. ಅವನು ಸಿಕ್ಕರೆ ಪಹಣಿ, ಸಿಕ್ಕದಿದ್ದರೆ ಇಲ್ಲ. ಸಿಕ್ಕಮೇಲೂ ಅವನ ಮನಸ್ಸು ಒಲಿಯಬೇಕು, ಒಲಿಯುವುದಕ್ಕೆ ದಕ್ಷಿಣೆ ಬೇಕು. ಎಲ್ಲರೂ ಅಂಥವರೆಂದು ನಾನು ಹೇಳುವುದಿಲ್ಲ. ಅಂಥವನಾಗಬೇಕೆಂದವನನ್ನು ತಡೆಯುವ ಏರ್ಪಾಡು ಇರಲಿಲ್ಲವೆಂದು ಹೇಳುವೆನು.

ಗಣಕಯಂತ್ರವು ಈ ಕ್ಷೇತ್ರಕ್ಕೆ ಬಂದ ಮೊದಲ ಹೆಜ್ಜೆಯು ನಮ್ಮ ಕಡೆಯಲ್ಲಿಯೇ ಬಿದ್ದುದು ಸ್ಮರಣೀಯವಾಗಿದೆ. 1991ರಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಲ್ಲಿ ಭೂದಾಖಲೆಗಳ ಗಣಕೀಕರಣವು ಪ್ರಯೋಗಾರ್ಥವಾಗಿ ಆರಂಭವಾಯಿತು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದುದು 2010ರಲ್ಲಿಯಾದ ಕಾರಣ ನಾವೂ ಆಗ ಅದರೊಳಗಿನವರೇ. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಆ ಯೋಜನೆಯು ಮಂಜೂರಾಯಿತು. ಆದರೆ ದಾಖಲೆಯನ್ನು ನಿತ್ಯವೂ ಬರೆದು ತಿದ್ದುವ ಸ್ಥಾನವಾದ ತಾಲ್ಲೂಕಿನಲ್ಲಿ ಯಂತ್ರವನ್ನಿಡಲು ಅದರಲ್ಲಿ ಅವಕಾಶವಿರಲಿಲ್ಲ. ಅಂಕಿಗಳನ್ನು ಒಮ್ಮೆ ತುಂಬಿದರು. ಅತ್ತ ಹೊಲಗಳು ಕೈಬದಲಾಗುತ್ತಲೇ ಇದ್ದವು, ಬಹಿಯು ಕೈಬರಹದಲ್ಲಿ ಮುಂದೆ ಸಾಗುತ್ತಲೇ ಇತ್ತು, ಯಂತ್ರದೊಳಗಿನ ಲೆಕ್ಕವು ಹಳಸಿಹೋಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಯಂತ್ರವು ಆಗಮವಾಗಿ ಬಂದಿತು. ಹಳೆಯದರ ಮಗ್ಗುಲಲ್ಲಿ ಸ್ನೇಹದಿಂದ ಕುಳಿತಿತು; ಯಾರಿಗೂ ನೋವಾಗಲಿಲ್ಲ, ಯಾರಿಗೂ ಉಪಯೋಗವೂ ಆಗಲಿಲ್ಲ.

ಎರಡನೆಯ ಪ್ರಯತ್ನವು ಇದಕ್ಕಿಂತ ಬೇರೆಯಾಗಿದ್ದಿತು. ಕಂದಾಯ ಇಲಾಖೆಯಲ್ಲಿ ಈ ಕಾರ್ಯದ ಹೊಣೆಯನ್ನು ಹೊತ್ತವರು ಭಾರತೀಯ ಆಡಳಿತ ಸೇವೆಯ ಶ್ರೀ ರಾಜೀವ್ ಚಾವ್ಲಾ ಅವರು. ತಂತ್ರಾಂಶವನ್ನು ಸಿದ್ಧಪಡಿಸಿದುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲು ಪರೀಕ್ಷಿಸಿ, ಅಲ್ಲಿಂದ ಹಂತಹಂತವಾಗಿ ಹಬ್ಬಿಸಿ, 2002ರ ಹೊತ್ತಿಗೆ ರಾಜ್ಯದ 170ಕ್ಕೂ ಮಿಕ್ಕ ತಾಲ್ಲೂಕುಗಳಿಗೆ ಮುಟ್ಟಿಸಿದರು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು. ಅವುಗಳನ್ನು ಅದುವರೆಗೆ ಕಾಯ್ದುಕೊಂಡಿದ್ದವರು ಸುಮಾರು 9,000 ಮಂದಿ ಗ್ರಾಮಲೆಕ್ಕಿಗರು. 15 ರೂಪಾಯಿ ಕೊಟ್ಟರೆ ಯಾರ ಹೊಲದ ಪಹಣಿಯಾದರೂ ತಾಲ್ಲೂಕು ಕೇಂದ್ರದ ಕಿಂಡಿಯಲ್ಲಿ ಅಚ್ಚಾಗಿ ಕೈಗೆ ಬರುವಂತಾಯಿತು.

ಇಷ್ಟನ್ನು ಸಾಧಿಸಿದ ಉಪಾಯವು ಯಾವುದು? ಯಂತ್ರವು ಮೊದಲ ಸಲವೂ ಇದ್ದಿತು, ಹಣವೂ ಇದ್ದಿತು, ಇಲ್ಲದಿದ್ದುದು ಆದೇಶ. ಒಂದೊಂದು ತಾಲ್ಲೂಕಿನ ದಾಖಲೆಗಳು ಯಂತ್ರವನ್ನು ಸೇರಿದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರಕಾರವು ಪ್ರಕಟಿಸಿತು. ಹಿಂದಿರುಗುವ ದಾರಿಯನ್ನು ಮುಚ್ಚಿತು. ಹಳೆಯದೂ ಹೊಸದೂ ಎರಡೂ ನಡೆಯಲೆಂದು ಬಿಟ್ಟಿದ್ದರೆ ಜನರು ಅಭ್ಯಾಸಬಲದಿಂದ ಹಳೆಯದರ ಕಡೆಗೇ ಹೊರಳುತ್ತಿದ್ದರು. ಹಳೆಯದರಿಂದ ಲಾಭವುಳ್ಳವರು ಅದನ್ನೇ ಬಯಸುತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವನು ಭೀಮೆಯನ್ನು ದಾಟಿದುದನ್ನು ನಾವಾರೂ ಕಂಡಿಲ್ಲ.

ಆದರೆ ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಾಖಲೆಯ ವಿಷಯದಲ್ಲಿ ಶತ್ರುವಿನಂತೆ ಬಂದ ಈ ಪರಿವರ್ತನೆಯು ಮನುಷ್ಯರ ವಿಷಯದಲ್ಲಿ ಹಾಗೆ ಬರಲಿಲ್ಲ. ಗ್ರಾಮಲೆಕ್ಕಿಗರನ್ನು ಮನೆಗೆ ಕಳಿಸಲಿಲ್ಲ. ರಾಜ್ಯಮಟ್ಟದಲ್ಲಿಯೂ ವಿಭಾಗಮಟ್ಟದಲ್ಲಿಯೂ ಕಮ್ಮಟಗಳನ್ನು ಕೂಡಿಸಿ ಅಧಿಕಾರಿಗಳಿಗೂ ಸಿಬ್ಬಂದಿಗೂ ಉದ್ದೇಶವನ್ನು ತಿಳಿಸಿದರು. ಅಕ್ಷರ ತುಂಬುವ ಕೂಲಿಯ ಕೆಲಸವನ್ನು ಹೊರಗಿನವರಿಗೆ ವಹಿಸಿ, ತುಂಬಿದುದು ಸರಿಯೇ ಎಂದು ನೋಡುವ ಕೆಲಸವನ್ನು ಆ ಬಹಿಗಳನ್ನು ಬರೆದ ಲೆಕ್ಕಿಗರಿಗೇ ಬಿಟ್ಟರು. ಸ್ಥಾನವನ್ನು ಕಳೆದುಕೊಳ್ಳುವವನನ್ನೇ ಹೊಸದರ ಸಾಕ್ಷಿಯನ್ನಾಗಿ ಮಾಡುವುದು ರಾಜನೀತಿಜ್ಞರ ಲಕ್ಷಣ. ಪೀಠವು ಬದಲಾಗುವಾಗ ಆದೇಶ, ಪೀಠದ ಸುತ್ತಲಿನ ಜನರಿಗೆ ಆಗಮ—ಇದೇ ಈ ಕಾರ್ಯದ ಗುಟ್ಟೆಂದು ನಾನು ತಿಳಿದಿರುವೆನು.

ಆ ಏರ್ಪಾಡಿನ ಮೂರು ಸಂಗತಿಗಳು ನನ್ನ ಮನಸ್ಸಿಗೆ ಬಹಳ ಹಿಡಿಸಿದವು. ಒಂದು, ಕಿಂಡಿಯಲ್ಲಿ ಎರಡು ಪರದೆಗಳಿದ್ದವು. ಒಂದು ಗುಮಾಸ್ತನ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಹೊಲದ ಮೇಲೆ ಏನು ಬರೆಯಲಾಗುತ್ತಿದೆ ಎಂಬುದನ್ನು ಉಳುವವನು ಬರೆಯುವಾಗಲೇ ಕಾಣುವಂತಾದುದು ನಮ್ಮ ಸೀಮೆಯ ಚರಿತ್ರೆಯಲ್ಲಿ ಅದೇ ಮೊದಲು. ಎರಡು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳುವಂತೆ ತಂತ್ರಾಂಶದೊಳಗೇ ಕಟ್ಟು ಹಾಕಿದ್ದರು. ಗೌಡನ ಅರ್ಜಿಯು ಹಿಂದೆ ಬಂದು ಮುಂದೆ ಹೋಗುವಂತಿರಲಿಲ್ಲ. ಮೂರು, ದಾಖಲೆಯನ್ನು ತಿದ್ದುವ ಅಧಿಕಾರಿಯು ಯಂತ್ರಕ್ಕೆ ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕಾಗಿತ್ತು. ತಲೆತಲಾಂತರದಿಂದ ನಮ್ಮ ರೈತರು ಓದಲಾರದ ಕಾಗದಗಳ ಮೇಲೆ ಹೆಬ್ಬೆಟ್ಟನ್ನು ಒತ್ತುತ್ತ ಬಂದಿದ್ದರು. ಈಗ ಓದಬಲ್ಲ ಅಧಿಕಾರಿಯೇ ಬೆರಳನ್ನು ಒತ್ತಬೇಕಾಯಿತು. ನಾಳೆ ‘ನಾನಲ್ಲ’ ಎನ್ನುವ ಹಾಗಿಲ್ಲ. ಕಾಲಚಕ್ರದ ಈ ತಿರುವನ್ನು ಕಂಡು ನಮ್ಮ ಊರ ಕಟ್ಟೆಯ ಮೇಲೆ ಕುಳಿತ ಹಿರಿಯರು ನಕ್ಕ ನಗೆಯನ್ನು ನಾನು ಕೇಳಿರುವೆನು.

ಇನ್ನು ಕುಂದುಗಳನ್ನೂ ಹೇಳಬೇಕು. ಗುಣವನ್ನಷ್ಟೆ ಹೇಳುವುದು ಭಟ್ಟಂಗಿಗಳ ಕೆಲಸ. ಆದೇಶವಾಗಿ ಬಂದುದು ತಾನು ಕುಳಿತ ಸ್ಥಾನದಲ್ಲಿ ಮೊದಲಿದ್ದುದರ ಧರ್ಮಗಳನ್ನು ತಾನೂ ಪಡೆಯುವುದೆಂದು ಪಾಣಿನೀಯರು ಒಪ್ಪುವರು. ಅದಕ್ಕೆ ಸ್ಥಾನಿವದ್ಭಾವವೆಂದು ಹೆಸರು. ಅಚ್ಚಾದ ಪಹಣಿಯು ಬರೆದ ಪಹಣಿಯ ಅಧಿಕಾರವನ್ನು ಪಡೆಯಿತು, ಸರಿ. ಅದರ ತಪ್ಪುಗಳನ್ನೂ ಪಡೆಯಿತು. ಸತ್ತವರ ಹೆಸರುಗಳು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಕಾಗದಕ್ಕೇರಿಸದ ಹೊಲಗಳು, ನೆಲದ ಮೇಲೊಂದು ಲೆಕ್ಕದಲ್ಲೊಂದು ಇರುವ ಗುಂಟೆಗಳು—ಎಲ್ಲವೂ ಸ್ಫುಟವಾದ ಅಕ್ಷರಗಳಲ್ಲಿ ಮೆರೆದವು. ಕೈಬರಹದಲ್ಲಿದ್ದಾಗ ಸಂಶಯಾಸ್ಪದವಾಗಿದ್ದ ತಪ್ಪು ಅಚ್ಚಿನಲ್ಲಿ ಸಿದ್ಧಾಂತವಾಗಿ ಕುಳಿತಿತು.

ಈ ಏರ್ಪಾಡು ಬಂದ ಹೊಸದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಅವನ ತಂದೆಯ ಹೆಸರು ‘ಅಯ್ಯ’ ಎಂದು ಮುಗಿಯತಕ್ಕದ್ದು; ಪಹಣಿಯಲ್ಲಿ ‘ಅಪ್ಪ’ ಎಂದು ಅಚ್ಚಾಗಿತ್ತು. ಹಳೆಯ ಬಹಿಯಲ್ಲಿ ಆ ಅಕ್ಷರದ ಮೇಲೆ ಮಸಿ ಹರಡಿದ್ದಿತಂತೆ. ತುಂಬಿದವನು ತನಗೆ ತೋಚಿದಂತೆ ತುಂಬಿದ್ದನು, ನೋಡಬೇಕಾದವರು ನೋಡಿರಲಿಲ್ಲ. ನಮ್ಮ ಭಾಗದಲ್ಲಿ ಅಯ್ಯನು ಬೇರೆ, ಅಪ್ಪನು ಬೇರೆ; ಮನೆತನವೇ ಬೇರೆಯಾಗುವುದು. ಹೆಸರು ಕೂಡದೆ ಬೆಳೆಸಾಲವು ನಿಂತಿತು. ರೋಹಿಣಿ ಮಳೆಗೆ ಮುಂಚೆ ಬೀಜ ಗೊಬ್ಬರಗಳಿಗೆ ಹಣ ಬೇಕು. ನಾನೂ ಅವನ ಜತೆಗೆ ಕಚೇರಿಗೆ ಹೋದೆನು. ಅಲ್ಲಿಯ ಗುಮಾಸ್ತನು ವಿನಯದಿಂದಲೇ, “ಕಂಪ್ಯೂಟರದಾಗ ಹಿಂಗೇ ಅದರೀ ಸರ್, ನಮ್ಮ ಕೈಯಾಗ ಏನದ?” ಎಂದನು. ಹೊರಗೆ ಬಂದಾಗ ನನ್ನ ವಿದ್ಯಾರ್ಥಿಯು ಹೇಳಿದ ಮಾತು ಇಂದಿಗೂ ಕಿವಿಯಲ್ಲಿರುವುದು: “ಗುರುಗಳೇ, ಮೊದಲಾದ್ರ ಲೆಕ್ಕಿಗರ ಕಾಲಿಗಿ ಬಿದ್ದರ ನಡೀತಿತ್ತು; ಇದಕ್ಕ ಕಾಲೇ ಇಲ್ಲರೀ, ಯಾರ ಕಾಲಿಗಿ ಬೀಳಲಿ?” ಆ ಒಂದಕ್ಷರವು ತಿದ್ದಾಗಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನು ಖಾಸಗಿ ಸಾಲ ಮಾಡಿ ಬಿತ್ತಿದ್ದನು. ಆ ವರ್ಷದ ತೊಗರಿಯು ಬಡ್ಡಿಗೆ ಹೋಯಿತು.

ಕಾಲಿಗೆ ಬೀಳುವುದು ತಪ್ಪಿದುದು ದೊಡ್ಡ ಲಾಭವೇ, ಸಂದೇಹವಿಲ್ಲ. ಆದರೆ ಕಾಲಿಗೆ ಬೀಳುವ ಬದಲು ನೆಟ್ಟಗೆ ನಿಂತು ಕೇಳುವುದಕ್ಕೆ ಒಂದು ಮುಖವಾದರೂ ಬೇಕಲ್ಲವೆ? ತಪ್ಪಿಲ್ಲದ ಅರ್ಜಿಗೆ ಯಂತ್ರವು ಧರ್ಮರಾಯನಂತೆ ನಡೆಯಿತು. ತಪ್ಪಿದ್ದವನಿಗೆ ಬಾಗಿಲು ಎಲ್ಲಿದೆ ಎಂಬುದೇ ತಿಳಿಯದಂತಾಯಿತು. ಅಲ್ಲದೆ ಊರಿನಲ್ಲಿಯೇ ಇದ್ದ ಬಹಿಯು ತಾಲ್ಲೂಕಿಗೆ ಹೋದುದರಿಂದ ವಡಗೇರಾ ಹೋಬಳಿಯ ಕೂಲಿಕಾರನು ಒಂದು ಪಹಣಿಗಾಗಿ ಶಹಾಪುರಕ್ಕೆ ಹೋಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾಗುತ್ತಿತ್ತು. 15 ರೂಪಾಯಿಯ ಲೆಕ್ಕದಲ್ಲಿ ಈ ಖರ್ಚು ಸೇರಿರಲಿಲ್ಲ. ಮುಂದೆ ಹೋಬಳಿಯ ನಾಡಕಚೇರಿಗಳಲ್ಲಿಯೇ ಪಹಣಿಯು ದೊರೆಯುವಂತಾಗಿ, ವಡಗೇರಾ ತಾನೇ ತಾಲ್ಲೂಕಾಗಿ, ಈ ಕಷ್ಟವು ಬಹಳಮಟ್ಟಿಗೆ ನೀಗಿತು.

ಇನ್ನೊಂದು ಸಂಗತಿಯು ಈಚಿನದು. ಗ್ರಾಮಲೆಕ್ಕಿಗರಿಗೆ ಈಗ ಗ್ರಾಮ ಆಡಳಿತಾಧಿಕಾರಿಗಳೆಂದು ಹೆಸರು. 2024ರ ಸೆಪ್ಟೆಂಬರದಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಒಂದಾದ ಮೇಲೊಂದರಂತೆ ತಮ್ಮ ಮೇಲೆ ಹೇರಿದ ಮೊಬೈಲ್ ತಂತ್ರಾಂಶಗಳ ಭಾರವು ಅವರ ದೂರುಗಳಲ್ಲಿ ಮುಖ್ಯವಾಗಿದ್ದಿತು. ಹಿಂದೆ ಬಹಿಯನ್ನು ಕಂಕುಳಲ್ಲಿಟ್ಟುಕೊಂಡು ಊರನ್ನು ಆಳಿದವರ ಉತ್ತರಾಧಿಕಾರಿಗಳು ಇಂದು ಅಂಗೈಯ ಯಂತ್ರದ ಆಳುಗಳಾಗಿರುವೆವೆಂದು ಹಲುಬುವಂತಾದುದು ವಿಚಾರಾರ್ಹವಾದುದು. ಮೇಲೆ ಕುಳಿತವರಿಗೆ ಪ್ರತಿಯೊಂದು ಹೊಸ ಯೋಜನೆಯೂ ಒಂದೇ ಒಂದಾಗಿ ಕಾಣುವುದು. ಕೆಳಗಿನವನ ಹೆಗಲ ಮೇಲೆ ಅವೆಲ್ಲವೂ ಒಟ್ಟಿಗೆ ಕುಳಿತಿರುವವು. ಕಾಲುಶತಮಾನದ ಹಿಂದೆ ಲೆಕ್ಕಿಗರನ್ನು ಕರೆದು ಕೂಡಿಸಿ ಮಾತಾಡಿದ ಆ ಮಿತ್ರಭಾವವು ಪ್ರತಿ ಹೊಸ ಏರ್ಪಾಡಿಗೂ ಮತ್ತೆ ಹೊಸದಾಗಿಯೇ ಬೇಕು. ಹಿಂದಿನ ಕಮ್ಮಟದ ಪುಣ್ಯವು ಇಂದಿನ ಹೊರೆಯನ್ನು ಹೊರಲಾರದು.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ, ದೊಡ್ಡ ಪರಿವರ್ತನೆಯ ಮುಂದಾಳಾಗಿ ನಿಂತವನಿಗೆ ಯಂತ್ರಜ್ಞಾನಕ್ಕಿಂತ ಮಿಗಿಲಾಗಿ ಬೇಕಾದುದು ಯಾವುದನ್ನು ಕಳಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವೆಂದು ತೋರುವುದು. ಕಳಿಸಬೇಕಾದುದನ್ನು ಅರೆಮನಸ್ಸಿನಿಂದ ಕಳಿಸಿದರೆ 1991ರ ಪ್ರಯೋಗದ ಗತಿಯಾಗುವುದು. ಉಳಿಸಿಕೊಳ್ಳಬೇಕಾದುದನ್ನೂ ಕಳಿಸಿಬಿಟ್ಟರೆ ಕಾಲೂ ಇಲ್ಲದ ಮುಖವೂ ಇಲ್ಲದ ಆಡಳಿತವಾಗುವುದು. ನಮ್ಮ ಕಚೇರಿಗಳಲ್ಲಿ ಉಳಿಸಿಕೊಳ್ಳಬೇಕಾಗಿದ್ದುದು ಬಹಿಯಲ್ಲ. ಊರಿನ ಹೊಲಗಳ ಬದುಗಳನ್ನೂ ಮನೆತನಗಳನ್ನೂ ಬಲ್ಲ ಮನುಷ್ಯನೊಬ್ಬನು ರೈತನ ಮಾತನ್ನು ಕೇಳಿ ತಪ್ಪನ್ನು ತಿದ್ದುವ ಶಕ್ತಿಯನ್ನು.

2024ರಲ್ಲಿ ಸರಕಾರವು ‘ಭೂಸುರಕ್ಷಾ’ ಎಂಬ ಹೆಸರಿನಿಂದ ತಾಲ್ಲೂಕು ಕಚೇರಿಗಳ ಹಳೆಯ ಮೂಲದಾಖಲೆಗಳ ಪ್ರತಿರೂಪಗಳನ್ನು ಯಂತ್ರದಲ್ಲಿ ತೆಗೆದಿರಿಸುವ ಕೆಲಸವನ್ನು ಕೈಕೊಂಡಿತು. ಇದು ನನಗೆ ಅತ್ಯಂತ ಸಂತೋಷವನ್ನುಂಟುಮಾಡಿತು. ಮಸಿ ಹರಡಿದ ಅಕ್ಷರವೂ ಅದರ ಮಸಿಯೊಡನೆಯೇ ಉಳಿಯುವುದು. ಅಚ್ಚಿನ ಪಹಣಿಯಲ್ಲಿ ‘ಅಪ್ಪ’ ಎಂದಿರುವಲ್ಲಿ ಮೂಲದಲ್ಲಿ ಏನಿತ್ತೆಂದು ನೋಡಲು ಬರುವುದು. ನಮ್ಮ ಸೀಮೆಯ ಉರ್ದು ಕಾಗದಗಳನ್ನು ಓದಬಲ್ಲ ವೃದ್ಧರು ಬೆರಳೆಣಿಕೆಯಷ್ಟು ಮಂದಿ ಉಳಿದಿರುವರು. ಪ್ರತಿರೂಪ ತೆಗೆಯುವವರು ಅವರನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಂಡು, ಅವರಿಂದ ಓದಿಸಿ ಕನ್ನಡದಲ್ಲಿ ಬರೆಯಿಸಿದರೆ, ಮೂರು ತಲೆಮಾರಿನ ಪೆಟ್ಟಿಗೆಗಳು ಬಾಯಿ ಬಿಟ್ಟು ಮಾತಾಡುವವು. ಅದು ಬೇಗನೆ ಆಗಬೇಕು. ಆ ವೃದ್ಧರ ಆಯುಸ್ಸು ಯಾವ ಇಲಾಖೆಯ ಅಪ್ಪಣೆಗೂ ಕಾಯುವುದಿಲ್ಲ.