ತುಡುವೆಗೊಂದು ಮನೆ

ನವೆಂಬರ್ 16, ಭಾನುವಾರ

ಅಟ್ಟದಿಂದ ಅಪ್ಪನ ಕಾಲದ ನ್ಯೂಟನ್ ಜೇನುಪೆಟ್ಟಿಗೆ ಇಳಿಸಿದೆ. 1910ರ ಸುಮಾರಿಗೆ ತಿರುಚ್ಚಿಯ ಪಾದ್ರಿ ನ್ಯೂಟನ್ ನಮ್ಮ ತುಡುವೆ ಜೇನಿನ ಅಳತೆಗೆಂದೇ ಮಾಡಿದ ಮಾದರಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮರಿಗಳೆಲ್ಲ ಎರಿಯೊಳಗೇ ಸತ್ತವು. ಊರಿನ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿದ್ದು ಆಗ. ಈಗ ಹುಳಗಳು ಮತ್ತೆ ಕಾಡಿನಿಂದ ಬರತೊಡಗಿವೆ.

ಒಳಗೋಡೆ ಕೆರೆದು, ಸೂಡಿ ಹೊತ್ತಿಸಿ ಬೆಂಕಿ ಆಡಿಸಿದೆ. ಹಳೆಯ ಎರಿಯ ಚೂರು ಇಡಬಾರದು, ಅದರಲ್ಲಿ ಏನಿದೆಯೋ ಯಾರು ಬಲ್ಲರು. ಹೊಸ ಮೇಣ ಕರಗಿಸಿ ಚೌಕಟ್ಟುಗಳ ಮೇಲುಪಟ್ಟಿಗೆ ಎಳೆದೆ, ಬಾಗಿಲ ಸುತ್ತ ಸವರಿದೆ. ಉಳಿದ ಸಂದಿಗೆಲ್ಲ ಸಗಣಿ-ಮಣ್ಣು. ತೋಟದಂಚಿನ ಹಲಸಿನ ನೆರಳಲ್ಲಿ, ಬಾಗಿಲು ಮೂಡಣಕ್ಕೆ.

ನವೆಂಬರ್ 19, ಬುಧವಾರ

ಭಾವ ಬಂದಿದ್ದ. "ಒಂಚೂರು ಬೆಲ್ಲದ ನೀರು ಹಚ್ಚಿಡು ಮಾರಾಯಾ, ತನ್ನಷ್ಟಕ್ಕೇ ಬತ್ತು" ಅಂದ. ಊರಲ್ಲಿ ಅರ್ಧ ಜನ ಹೇಳುವುದೂ ಇದನ್ನೇ. ಬೆಲ್ಲಕ್ಕೆ ಬರುವುದು ಇರುವೆ, ಮತ್ತೆ ಬೇರೆ ಗೂಡಿನ ಕಳ್ಳ ಹುಳ. ಮನೆ ಹುಡುಕುವ ಹುಳಕ್ಕೆ ಸಿಹಿ ಬೇಡ. ಮೇಣದ ವಾಸನೆ, ಒಣಗಿದ ಜಾಗ, ಕತ್ತಲೆ, ಕಾಯಲು ಸುಲಭವಾದ ಸಣ್ಣ ಬಾಗಿಲು, ಇಷ್ಟು ಸಾಕು. ಭಾವನೊಡನೆ ವಾದ ಮಾಡಲಿಲ್ಲ. ಚಾ ಕುಡಿಸಿ ಕಳಿಸಿದೆ. ಪೆಟ್ಟಿಗೆಯ ಕಾಲಡಿಗೆ ನೀರಿನ ಬಟ್ಟಲು ಇಟ್ಟೆ.

ನವೆಂಬರ್ 29, ಶನಿವಾರ

ಹುಳ ಕಂಡವು! ನಾಲ್ಕೈದೇ. ಒಂದು ಒಳಗೆ ಹೋಗುತ್ತದೆ, ಹೊರಬಂದು ಹೊರಗೋಡೆಯ ಮೇಲೆಲ್ಲ ನಡೆದಾಡುತ್ತದೆ, ಮತ್ತೆ ಒಳಗೆ. ಕಾಲಲ್ಲಿ ಪರಾಗವಿಲ್ಲ, ಜಗಳವೂ ಇಲ್ಲ. ಹೆಣ್ಣು ಕೊಡುವ ಮನೆಯವರು ಬಚ್ಚಲವರೆಗೂ ಇಣುಕಿ ನೋಡಿದ ಹಾಗೆ.

ಇವು ಬಂದ ಮಾತ್ರಕ್ಕೆ ಮನೆ ಒಪ್ಪಿಗೆಯಾಯಿತು ಅಂತಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮ್ಯೂನಿಕ್‌ನಲ್ಲಿ ಜೇನು ವಿಜ್ಞಾನಿ ಮಾರ್ಟಿನ್ ಲಿಂಡೌವರ್ ಪಾಲಾದ ಜೇನಿನ ಮುದ್ದೆಯ ಮೇಲೆ ಮೈಯೆಲ್ಲ ಮಸಿ, ಇಟ್ಟಿಗೆ ಪುಡಿ ಮೆತ್ತಿಕೊಂಡ ಹುಳಗಳು ಕುಣಿಯುವುದನ್ನು ನೋಡಿದ. ಬೇರೆ ಬೇರೆ ಜಾಗ ನೋಡಿ ಬಂದವು ತಮ್ಮ ತಮ್ಮ ಜಾಗವನ್ನೇ ಕುಣಿದು ಹೇಳುತ್ತಿದ್ದವು. ಕೊನೆಗೆ ಎಲ್ಲವೂ ಒಂದೇ ಜಾಗ ಹೇಳುವ ಹೊತ್ತಿಗೆ ಮುದ್ದೆ ಹಾರುತ್ತಿತ್ತು. ನಮ್ಮ ಸಹಕಾರಿ ಸಂಘದ ಸಭೆಗಿಂತ ಅಚ್ಚುಕಟ್ಟು, ಬಿಡಿ.

ಡಿಸೆಂಬರ್ 4, ಗುರುವಾರ

ಅಡಿಕೆ ಕೊನೆ ಕೊಯ್ಲು. ಕೊನೆಗೌಡ ಮರದ ತುದಿಯಿಂದಲೇ ಕೂಗಿದ: "ಹೆಗಡೇರೆ, ಮತ್ತಿ ಮರದಲ್ಲಿ ತುಡುವೆ ಜೋತುಬಿದ್ದಿದೆ!" ಬುಟ್ಟಿಗೆ ಬೀಳಿಸೋಣವೆಂದರೆ ಕೈಗೆಟುಕದ ಎತ್ತರ. ಪೆಟ್ಟಿಗೆಯ ಬಾಗಿಲಲ್ಲಿ ಮಾತ್ರ ಮಧ್ಯಾಹ್ನದಿಂದ ಜಾತ್ರೆ. ನನಗೆ ಊಟ ರುಚಿಸಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಹನ್ನೊಂದರ ಮೇಲೆ ಬಂತು. ಮೊದಲು ಸದ್ದು, ಆಮೇಲೆ ಅಡಿಕೆ ಮರಗಳ ತಲೆ ಮೇಲಿಂದ ಕಂದು ಹೊಗೆ ಕೆಳಗಿಳಿಯಿತು. ನಾನು ಅದರ ನಡುವೆಯೇ ನಿಂತಿದ್ದೆ, ಒಂದೂ ಕಚ್ಚಲಿಲ್ಲ. ಹೊಟ್ಟೆ ತುಂಬ ಜೇನು ಕುಡಿದು ಹೊರಟವು, ಕಾಯಲು ಗೂಡೂ ಇಲ್ಲ, ಸಿಟ್ಟೆಲ್ಲಿಂದ ಬರಬೇಕು? ಬಾಗಿಲಲ್ಲಿ ಕೂತ ಕೆಲವು ಬಾಲ ಎತ್ತಿ ರೆಕ್ಕೆ ಬೀಸತೊಡಗಿದವು. ವಾಸನೆ ಬಿಟ್ಟು ಹಿಂದಿನವರನ್ನು ಕರೆಯುವ ಕ್ರಮ ಅದು. ನೋಡನೋಡುತ್ತ ಪೆಟ್ಟಿಗೆಯ ಮುಖವೇ ಮುಚ್ಚಿಹೋಗಿ, ಮತ್ತೆ ಹಲಗೆ ಕಾಣತೊಡಗಿತು. ರಾಣಿ ಕಣ್ಣಿಗೆ ಬೀಳಲಿಲ್ಲ.

ಸಂಜೆ ಭಾವ ರಾಣಿಗೇಟು ತಂದ. ಬಾಗಿಲಿಗೆ ಹಾಕಿದರೆ ರಾಣಿ ಹೊರಬರಲಾಗದು, ಹಿಂಡು ಓಡಿಹೋಗದು, ನಿಜ. ಆದರೆ ಬಂದದ್ದು ತಾಯಿಗೂಡಿನಿಂದ ಹೊರಟ ಎರಡನೇ ಪಾಲಾಗಿದ್ದರೆ ಒಳಗಿರುವುದು ಕನ್ಯೆ. ಗಂಡು ಕೂಡಲು ಹೊರಗೆ ಹಾರಲೇಬೇಕು. ಗೇಟು ಹಾಕಿದೆವೋ ಕುಟುಂಬವೇ ಮುಗಿಯಿತು. ಮೊದಲ ಪಾಲಿನಲ್ಲಾದರೆ ಹಳೆಯ ರಾಣಿಯೇ ಬರುತ್ತದೆ. ಯಾವುದೆಂದು ಗೊತ್ತಾಗುವವರೆಗೆ ಬೇಡವೆಂದೆ. ಭಾವನಿಗೆ ಸಮಾಧಾನವಿಲ್ಲ.

ಡಿಸೆಂಬರ್ 9, ಮಂಗಳವಾರ

ಬೆಳಿಗ್ಗೆಯಿಂದ ಪರಾಗ ಹೊರುತ್ತಿವೆ. ಮುಚ್ಚಳ ಎತ್ತಿ ನೋಡಿದೆ: ಅಂಗೈಯಗಲದ ಬಿಳಿ ಎರಿ, ಕಣ್ಣಿಗೊಂದರಂತೆ ನೆಟ್ಟಗೆ ನಿಂತ ಮೊಟ್ಟೆ. ಹಳೆಯ ರಾಣಿಯೇ. ಮರಿ ಆಗುತ್ತಿರುವ ಗೂಡನ್ನು ಸುಮ್ಮಸುಮ್ಮನೆ ಬಿಟ್ಟುಹೋಗಲಾರವು. ಗೇಟನ್ನು ಭಾವನಿಗೆ ವಾಪಸು ಕೊಟ್ಟೆ. ಅವನಿಗೀಗ ಒಂದು ಉಂಡೆ ಮೇಣ ಬೇಕಂತೆ.